ಯಾರೂ ಕೂತಿರದ ಕಂಪ್ಯೂಟರ್

"ಫಾರ್ಮ್ಯಾಟ್ ಮಾಡಿದ್ರೆ ಐನೂರು ರೂಪಾಯಿ ಅಣ್ಣಾ. ಹೊಸ ಕಂಪ್ಯೂಟರ್ ಅಂದ್ರೆ ನಲವತ್ತು ಸಾವಿರ," ಎಂದ ಮೆಕ್ಯಾನಿಕ್ ದಿವಾಕರ್ ಫೋನಿನ ಸ್ಪೀಕರಿನಲ್ಲಿ.

ಗೋಕಿಲಾಳ ಅಪ್ಪ ಶಿವಲಿಂಗಂ ಹಣೆ ಒರೆಸಿಕೊಂಡ. ಅನ್ನೂರಿನ ಆ ಮನೆಯ ಮುಂದಿನ ಕೋಣೆಯಲ್ಲಿ, ಹಳೆಯ ಕಂಪ್ಯೂಟರಿನಲ್ಲಿ, ಅವನು ನೇಕಾರರಿಗೆ ಸೀರೆಯ ಡಿಸೈನ್ ಬಿಡಿಸಿಕೊಡುತ್ತಿದ್ದ. ಇವತ್ತು ನವಿಲಿನ ಗರಿ ಬಿಡಿಸುತ್ತಿದ್ದಾಗ ಪರದೆ ಹಾಗೇ ನಿಂತುಬಿಟ್ಟಿತು. ಆಫ್ ಮಾಡಿ ಆನ್ ಮಾಡಿದರೆ ಒಂದು ಡಿಸೈನೂ ಇಲ್ಲ. ಅವೆಲ್ಲ ಇರುವ ಝೆಡ್ ಡ್ರೈವ್ ಮೇಲೆ ಕೆಂಪು ಇಂಟು ಗುರುತು.

"ಫಾರ್ಮ್ಯಾಟ್ ಮಾಡಿದ್ರೆ ಡಿಸೈನ್ ಸಾಫ್ಟ್‌ವೇರೂ ಹೋಗುತ್ತಲ್ಲ ತಂಬಿ? ಅದರ ಸಿ.ಡಿ. ಕಳೆದುಹೋಗಿದೆ. ಡಿಸೈನ್ ಇರೋ ಝೆಡ್ ಡ್ರೈವೂ ತೆರೀತಾ ಇಲ್ಲ."

"ಝೆಡ್ ಅಂದ್ರಾ? ಅದು ಆ ಮೆಷಿನ್‌ದೇ ಅಲ್ಲ ಅಣ್ಣಾ. ಒಳಗಿನ ಕಂಪ್ಯೂಟರಿನ ಫೋಲ್ಡರು. ವೈರಿನಲ್ಲಿ ಬಂದು ಇಲ್ಲಿ ಕಾಣಿಸುತ್ತೆ, ಅಷ್ಟೆ. ಅದು ಆನ್ ಆಗಿದೆಯಾ?"

"ಅದನ್ನ ಯಾರು ಆಫ್ ಮಾಡ್ತಾರೆ?" ಅಪ್ಪ ಎದ್ದೂ ನೋಡಲಿಲ್ಲ.

"ಹಾಗಾದ್ರೆ ಬೇರೆ ದಾರಿ ಇಲ್ಲ. ಈಗಲೇ ಹೊರಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಗೋಕಿಲಾ ಇದನ್ನೆಲ್ಲ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿನ ಮುಂಚೆ ಪೆನ್ಸಿಲ್ ತರಲು ಒಳಕೋಣೆಗೆ ಹೋಗಿದ್ದಳು. ಅಮ್ಮ ಬಿಲ್ ಹಾಕುವ ಕಂಪ್ಯೂಟರ್ ಗುರ್ ಅನ್ನುತ್ತಿತ್ತು. ಪರದೆ ಕಪ್ಪಗಿತ್ತು, ಕುರ್ಚಿ ಖಾಲಿಯಿತ್ತು. ಸುಮ್ಮನೆ ಕರೆಂಟು ಸುಡಬಾರದು ಎಂದು ಅಮ್ಮ ದಿನವೂ ಹೇಳುತ್ತಾಳಲ್ಲ. ಸ್ವಿಚ್ ಒತ್ತಿಬಿಟ್ಟಿದ್ದಳು.

ಹೇಳಿದರೆ ಬೈಯುತ್ತಾರೆ. ಹೇಳದಿದ್ದರೆ? ಈಗ ಓಡಿಹೋಗಿ ಗುಟ್ಟಾಗಿ ಆನ್ ಮಾಡಿಬಿಟ್ಟರೆ? ಅಷ್ಟರಲ್ಲಿ ಅಪ್ಪ, "ಸರಿ, ಬಾ ತಂಬಿ," ಅಂದ.

"ಅಪ್ಪಾ, ಬರೋದು ಬೇಡ ಅನ್ನು."

"ಯಾಕೆ?"

"ಒಳಗಿನದನ್ನ ನಾನೇ ಆಫ್ ಮಾಡ್ದೆ."

ಅಡುಗೆಮನೆಯಿಂದ ಅಮ್ಮ ಶಾರದ ಬಂದಳು. "ಫ್ಯಾನ್ ಆಫ್ ಮಾಡು ಅಂತ ಕಿರುಚಿದ್ರೂ ನಿನಗೆ ಕಿವಿ ಕೇಳಲ್ಲ. ಕೈ ಅದಕ್ಕೇ ಹೋಗಬೇಕಿತ್ತಾ?"

"ಯಾರೂ ಕೂತಿರಲಿಲ್ಲ ಅಮ್ಮಾ." ಗೋಕಿಲಾಳ ಕಣ್ಣು ತುಂಬಿತು.

ಫೋನಿನಲ್ಲಿ ದಿವಾಕರ್ ನಕ್ಕ. "ನನ್ನ ಐನೂರು ಹೋಯ್ತು, ಪುಟ್ಟಿ."

ಅಪ್ಪ ಒಳಗೆ ಹೋಗಿ ಸ್ವಿಚ್ ಹಾಕಿದ. ಹಳೆಯ ಮೆಷಿನ್ ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಗೋಕಿಲಾ ಫ್ರಾಕಿನ ಅಂಚನ್ನು ಹಿಂಡುತ್ತಾ ನಿಂತಳು. ಆಮೇಲೆ ಅಪ್ಪ ಝೆಡ್ ಮೇಲೆ ಎರಡು ಸಲ ಕ್ಲಿಕ್ ಮಾಡಿದ. ಕೆಂಪು ಗುರುತು ಹೋಯಿತು. ಡಿಸೈನುಗಳು ಸಾಲಾಗಿ ಬಂದವು.

ನವಿಲನ್ನು ತೆರೆದು ನೋಡಿದರೆ ಕೊಕ್ಕು, ಕುತ್ತಿಗೆ, ಕಾಲು ಇದ್ದವು. ಗರಿ ಇರಲಿಲ್ಲ.

"ಸೇವ್ ಮಾಡಿರಲಿಲ್ಲ," ಅಂದ ಅಪ್ಪ. "ನಾನೂ ಒಂದು ಸಲ ಎದ್ದು ಹೋಗಿ ನೋಡಬೇಕಿತ್ತು ಮಗಳೇ."

ಗೋಕಿಲಾ ಒಳಕೋಣೆಗೆ ಹೋದಳು. ಕಪ್ಪು ಪರದೆ, ಖಾಲಿ ಕುರ್ಚಿ, ಗುರ್ ಸದ್ದು. ಆಚೆ ಕೋಣೆಯಲ್ಲಿ ಅಪ್ಪ ಒಂದು ಡಿಸೈನ್ ತೆರೆದ. ಇಲ್ಲಿ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಒಂದು ಚಿಕ್ಕ ದೀಪ ಮಿಣುಕಿತು. ಇನ್ನೊಂದು ತೆರೆದ. ಮತ್ತೆ ಮಿಣುಕಿತು. ಅವಳು ನೋಡುತ್ತಾ ನಿಂತಳು. ಆಮೇಲೆ ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಬಂದಳು.

ಹೋದದ್ದು ನವಿಲಿನ ಗರಿಯೊಂದೇ. ಅಪ್ಪ ಅದನ್ನು ಮೊದಲಿನಿಂದ ಬಿಡಿಸುತ್ತಿದ್ದ.