ಕಾಯುವ ಪಟ್ಟಿಯ ಮೊದಲ ಹೆಸರು

"ರೀ ಲಂಬೂ, ಸ್ವಲ್ಪ ಸರೀರಿ! ಬೋರ್ಡೆಲ್ಲ ನಿಮ್ದೇನಾ?"

ಅಜ್ಜಿ ಹೇಳುವ ಕಥೆಯಲ್ಲಾದರೆ ರಾಜಕುಮಾರ ಕುದುರೆ ಏರಿ ಬರಬೇಕಿತ್ತು. ಇವಳ ಪಾಲಿನವನು ಮೆಡಿಕಲ್ ಕಾಲೇಜಿನ ನೋಟಿಸ್ ಬೋರ್ಡಿಗೆ ಅಡ್ಡ ನಿಂತಿದ್ದ!

ಅವನು ಸರಿದ. ಅವಳು ಮೀಸಲು ಪಟ್ಟಿಯ ಮೇಲೆ ಬೆರಳಾಡಿಸಿದಳು. ಮೇಲಿಂದ ಕೆಳಗೆ... ಇಲ್ಲ. ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ಅವಳದು.

"ಒಂದೇ ಒಂದು ಸೀಟು..." ಬೆರಳು ಅಲ್ಲೇ ನಿಂತಿತು. "ಅಮ್ಮ ಇದೇ ಆಸ್ಪತ್ರೇಲಿ ವಾರ್ಡ್ ಗುಡಿಸ್ತಾಳೆ. ಮಗಳು ಡಾಕ್ಟರಾಗ್ತಾಳೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದಾಳೆ ರೀ!"

ಗುರುತಿಲ್ಲದವನ ಮುಂದೆ ಅತ್ತೇಬಿಟ್ಟಳು. ಅವನು ಕರ್ಚೀಫು ಕೊಟ್ಟ.

ವಾರದೊಳಗೆ ಕಾಲೇಜಿಂದ ಪತ್ರ ಬಂತು. ಯಾರೋ ಸೀಟು ಬಿಟ್ಟಿದ್ದಾರೆ, ಬಂದು ಸೇರಿ!

ಮರುವರ್ಷ ಲಂಬೂ ಅವಳಿಗೇ ಜೂನಿಯರ್ ಆಗಿ ಬಂದ, ಸಾಮಾನ್ಯ ಪಟ್ಟಿಯಲ್ಲಿ.

"ಒಂದು ವರ್ಷ ಏನ್ರೀ ಮಾಡ್ತಿದ್ರಿ? ಗೊರಕೆ ಹೊಡೀತಿದ್ರಾ?"

"ಹೂಂ ಸೀನಿಯರಮ್ಮ. ಒಳ್ಳೆ ಕನಸು ಬಿದ್ದಿತ್ತು, ಏಳೋಕೆ ಮನಸ್ಸಾಗ್ಲಿಲ್ಲ."

ಆಹಾ, ಆ ದಿನಗಳು! ಲ್ಯಾಬಿನ ಮೆಟ್ಟಿಲು, ಕೈಗಂಟಿದ ಔಷಧಿ ವಾಸನೆ, ಇಬ್ಬರಿಗೂ ಒಂದೇ ಪುಸ್ತಕ... ಅದರ ಅಂಚಿನಲ್ಲಿ ಓರೆ ಅಕ್ಷರದ ಅವನ ಪೆನ್ಸಿಲ್ ಗೀರು.

ಎಲ್ಲ ಮುರಿದದ್ದು ಒಂದು ಚರ್ಚಾಸ್ಪರ್ಧೆಯಲ್ಲಿ.

"ಜಾತಿ ಮೀಸಲಾತಿ ಇರಲೇಬೇಕು," ಅಂದಿದ್ದ ಅವನು. "ಆದರೆ ಒಂದು ತಲೆಮಾರು ಅದನ್ನು ಪಡೆದ ನಮ್ಮಂಥ ಮನೆಯವರು ಇನ್ನು ದಾರಿ ಬಿಡಬೇಕು."

ಅವಳು ಧಡಕ್ಕನೆ ಎದ್ದಳು. "ಡಾಕ್ಟರ ಮಗನಿಗೆ ಹೇಳೋದು ಸುಲಭ! ಜಾತಿ ಹಿಡಿದು ಅವಮಾನ ಮಾಡೋರು ಅಪ್ಪನ ಕೆಲಸ ಕೇಳ್ಕೊಂಡು ಮಾಡ್ತಾರಾ?"

ಅವನು ಮೈಕು ಇಟ್ಟು ಕೆಳಗಿಳಿದ. 'ನಮ್ಮವನೇ... ನಮ್ಮ ಬಗ್ಗೆ ಇವನಿಗೆ ನಾಚಿಕೆ!' ಅಂದುಕೊಂಡು ಮಾತು ಬಿಟ್ಟಳು. ಒಂಬತ್ತು ವರ್ಷ!

ಈಗ ಅವಳು ಅದೇ ಕಾಲೇಜಿನ ಮೇಡಂ. ಮೀಸಲು ಸೀಟಿನಲ್ಲಿ ಮೊದಲ ತಲೆಮಾರಿನ ಮಕ್ಕಳನ್ನು ಮುಂದಿಡಬೇಕೇ ಎಂದು ಯೋಚಿಸುವ ಸಮಿತಿಯಲ್ಲಿ ಅವಳೂ ಒಬ್ಬಳು. ಗುಮಾಸ್ತರು ಹಳೇ ಫೈಲು ತಂದಿಟ್ಟರು.

"ಹಿಂದೆ ಒಬ್ಬರು ತಾವಾಗೇ ಮೀಸಲು ಸೀಟು ಬಿಟ್ಟಿದ್ರು ಮೇಡಂ. ಮಾತಾಡೋಕೆ ಅವರನ್ನೇ ಕರೆಸಿದೀವಿ, ಹೊರಗಿದ್ದಾರೆ."

ಫೈಲಿನ ಪತ್ರದಲ್ಲಿ ಆ ಅಕ್ಷರ... ಅದೇ ಓರೆ, ಅದೇ ಗೀರು!

'ಈ ಮೀಸಲಾತಿಯಿಂದಲೇ ನಮ್ಮಪ್ಪ ಡಾಕ್ಟರಾದರು. ನಮ್ಮ ಮನೆಗೆ ಅಷ್ಟು ಸಾಕು. ನನ್ನ ಸೀಟು ಕಾಯುವ ಪಟ್ಟಿಯ ಮೊದಲ ಹೆಸರಿಗೆ ಹೋಗಲಿ.'

ತಾರೀಖು, ಅವಳು ಬೋರ್ಡಿನ ಮುಂದೆ ಅತ್ತ ಮರುದಿನದ್ದು.

ಹೊರಗೋಡಿದಳು. ಅದೇ ಬೋರ್ಡಿನ ಮುಂದೆ ಅವನು ನಿಂತಿದ್ದ. ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು.

"ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಉಪಕಾರ ಅಂದ್ಕೊಳ್ತಿದ್ರಿ. ಅದು ನಿಮ್ಮ ಸೀಟೇ. ನಾನು ಅಡ್ಡ ಇದ್ದೆ, ಅಷ್ಟೆ." ಅವನು ತಲೆ ತಗ್ಗಿಸಿದ. "ಆದ್ರೆ ಅವತ್ತು ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ, ಸೀನಿಯರಮ್ಮ."

"ಒಳಗೆ ಅದನ್ನೂ ಹೇಳಿ. ನಾನಂತೂ ವಾದ ಬಿಡಲ್ಲ!"

"ಬಿಡಬೇಡಿ... ಅದನ್ನ ಕೇಳದೆ ಒಂಬತ್ತು ವರ್ಷದಿಂದ ಮನಸ್ಸು ಬಿಕೋ ಅಂತಿದೆ."

ಪಟ್ಟಿ ನೋಡಲು ಹುಡುಗಿಯರ ಗುಂಪು ನುಗ್ಗಿತು. ಅವನು ತನ್ನಷ್ಟಕ್ಕೆ ಹಿಂದೆ ಸರಿದ. ಅವಳು ಅವನ ತೋಳು ಹಿಡಿದಳು.

"ಎಲ್ಲಿಗೆ?"

"ದಾರಿ ಬಿಡ್ತಿದೀನಿ..."

"ಅವರಿಗೆ ಬಿಡಿ. ನನ್ನ ಪಕ್ಕದಿಂದ ಮಾತ್ರ ಸರೀಬೇಡಿ."

"ಇಲ್ಲ," ಅಂದ ಲಂಬೂ. "ಇನ್ನು ಸರಿಯೋದಿಲ್ಲ."