ರೊಟ್ಟಿ ಬೇಡ ಅಂದವನು

ಮೂರು ದಿನ ಒಂದು ಸುದ್ದಿಯಿಲ್ಲ, ಸುಳಿವಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆಯಿಂದ ಕಲ್ಮೇಶ ಆಡಿದ ಮೊದಲ ಮಾತು ಇದು:

"ರಂಜನಾ ಅವರಽ, ನೀವು ರೊಟ್ಟಿ ಕೂಡಸಾಕ ಹತ್ತಿರ್ತೀರಿ, ನನಗ ಗೊತ್ತೈತಿ. ಕಳಸಬ್ಯಾಡ್ರಿ. ಇಲ್ಲಿ ಯಾರೂ ತಿನ್ನಂಗಿಲ್ಲ."

ನೀವೇ ಹೇಳಿ, ಇಂಥ ಗಂಡಸಿಗೆ ಏನನ್ನಬೇಕು?

ರಂಜನಾಳ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಹಾಗಾಗಿ ಫೋನು ಸ್ಪೀಕರಿನಲ್ಲಿತ್ತು. ಬೈಲಹೊಂಗಲದ ಬಜಾರದ ಹಿಂದಿನ ಓಣಿಯ ಆ ಖಡಕ್ ರೊಟ್ಟಿ ಕೇಂದ್ರದಲ್ಲಿ ಅವಳ ಜೊತೆ ರೊಟ್ಟಿ ತಟ್ಟುವ ಆರು ಹೆಂಗಸರೂ ಅದನ್ನು ಕೇಳಿಸಿಕೊಂಡರು. ಗೋಡೆಯುದ್ದಕ್ಕೂ ಹನ್ನೊಂದು ಸಾವಿರ ರೊಟ್ಟಿ ಪೇರಿಸಿಟ್ಟಿತ್ತು. ಸಂಗೊಳ್ಳಿಯಿಂದ, ಹೂಲಿಯಿಂದ, ಕಿತ್ತೂರಿನಿಂದ ಮನೆಮನೆಯವರು ಕೊಟ್ಟ ರೊಟ್ಟಿ. ಒಯ್ಯಲು ಬಾಳೇಶನ ಲಾರಿ ಬಾಗಿಲಿಗೆ ಬಂದು ನಿಂತಿತ್ತು. ರಂಜನಾ ಹಿಟ್ಟಿನ ಬೆರಳಿನಿಂದಲೇ ಫೋನ್ ಕಟ್ ಮಾಡಿದಳು. ಆಮೇಲೆ ಅರ್ಧ ತಾಸು ಅವಳು ತಟ್ಟಿದ ಒಂದು ರೊಟ್ಟಿಯೂ ದುಂಡಗಾಗಲಿಲ್ಲ.

ಕಲ್ಮೇಶ ಸಂಗೊಳ್ಳಿಯವನು. ಸ್ವಂತ ಲಾರಿ ಇಟ್ಟುಕೊಂಡು ಗೋವಿನಜೋಳ ಹೇರಿಕೊಂಡು ಆಂಧ್ರದ ಕಡಲ ದಂಡೆಯವರೆಗೆ ಹೋಗಿಬರುತ್ತಿದ್ದ. ಪ್ರತಿ ಸಲ ಹೋಗುವ ಮುಂಚೆ ಕೇಂದ್ರದ ಮುಂದೆ ಲಾರಿ ನಿಲ್ಲಿಸಿ ಇಪ್ಪತ್ತು ರೊಟ್ಟಿ ಒಯ್ಯುತ್ತಿದ್ದ. ಇಪ್ಪತ್ತು ರೊಟ್ಟಿ ಎಣಿಸಿಕೊಳ್ಳಲು ಯಾರಿಗಾದರೂ ಅರ್ಧ ತಾಸು ಬೇಕೇ? ಇವನಿಗೆ ಬೇಕಾಗುತ್ತಿತ್ತು. ಒಂದೊಂದನ್ನೇ ಬೆಳಕಿಗೆ ಹಿಡಿದು, ಇದು ರಾಯವ್ವ ತಟ್ಟಿದ್ದು, ಇದು ನೀವು ತಟ್ಟಿದ್ದು ಎಂದು ಬೇರೆ ಮಾಡುತ್ತಿದ್ದ. ರೊಟ್ಟಿಯ ಮೇಲಂಚಿನಿಂದ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ರೊಟ್ಟಿಯನ್ನು ನೋಡುತ್ತಿರಲಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ರಂಜನಾ ತಲೆ ತಗ್ಗಿಸಿ ಹಿಟ್ಟು ನಾದುತ್ತಿದ್ದಳು, ಕಿವಿ ಕೆಂಪಾಗುತ್ತಿದ್ದವು.

ಎರಡು ವರ್ಷ ಹೀಗೇ ನಡೆಯಿತು. ಈ ಸಲ ಹೊರಡುವಾಗ ಅವನು ರೊಟ್ಟಿ ಗಂಟು ಕಟ್ಟುತ್ತ, ಮೆಲ್ಲಗೆ, ಬಂದಮೇಲೆ ನಿಮ್ಮವ್ವನ ಮುಂದೆ ಮಾತಾಡಲೇ ಎಂದು ಕೇಳಿದ. ರಂಜನಾಳ ಬಾಯಿಗೆ 'ಹೂಂ' ಬಂದಿತ್ತು. ಆದರೆ ರಾಯವ್ವ ಒಲೆಯ ಮುಂದೆ ಕೆಮ್ಮಿದಳು, ಎಲ್ಲರೂ ತಿರುಗಿ ನೋಡಿದರು, ಇವಳು ಗಾಬರಿಯಾಗಿ "ಮದಲ ಹೋಗಿ ಬರ್ರಿ" ಎಂದುಬಿಟ್ಟಳು. ಅವನು ನಕ್ಕು ಲಾರಿ ಹತ್ತಿದ. ಎಂಟು ದಿನಕ್ಕೆ ಆ ದಂಡೆಗೇ ಚಂಡಮಾರುತ ಅಪ್ಪಳಿಸಿತು.

ಟಿವಿಯಲ್ಲಿ ತೆಂಗಿನ ಮರಗಳು ನೆಲಕ್ಕೆ ಹಣೆ ಹಚ್ಚುತ್ತಿದ್ದವು. ಕಲ್ಮೇಶನ ಫೋನ್ ಸ್ವಿಚ್ಡ್ ಆಫ್. ಅವನ ಮನೆಯವರು ಓಣಿಯಲ್ಲಿ ನಿಂತು ಅಳಬಹುದಿತ್ತು, ಯಾರನ್ನಾದರೂ ಕೇಳಬಹುದಿತ್ತು. ರಂಜನಾ ಯಾರು? ಯಾವ ಹಕ್ಕಿನ ಮೇಲೆ ಅಳಬೇಕು? ಒಂದು ಹೂಂ ಅಂದಿದ್ದರೆ ಆ ಹಕ್ಕಾದರೂ ಇರುತ್ತಿತ್ತು. ಆ ಒಂದು ಅಕ್ಷರ ಅವಳ ಗಂಟಲಲ್ಲೇ ಕುಳಿತು ಅವಳನ್ನು ಸುಡುತ್ತಿತ್ತು.

ಕೈ ಸುಮ್ಮನಿದ್ದರೆ ಅಳು ಬರುತ್ತದೆಂದು ಅವಳು ಆ ದಂಡೆಯ ಮಂದಿಗೆಂದು ರೊಟ್ಟಿ ಕೂಡಿಸಲು ಶುರುಮಾಡಿದಳು. ರೊಟ್ಟಿಯೇ ಯಾಕೆ ಎಂದರೆ ಅದಕ್ಕೂ ಕಾರಣವಿತ್ತು. ಅವಳ ಹುಟ್ಟೂರು ರಾಮದುರ್ಗದ ಕಡೆ, ಮಲಪ್ರಭೆಯ ದಂಡೆ. ಎರಡು ಸಾವಿರದ ಹತ್ತೊಂಬತ್ತರ ನೆರೆಯಲ್ಲಿ ಮನೆ ಹೋಯಿತು. ಆಸರೆಗೆ ಸೇರಿದ ಶಾಲೆಯ ಕೋಣೆಯಲ್ಲಿ ಅವ್ವನ ಜೊತೆ ಹಸಿದು ಕುಳಿತಾಗ ಯಾರೋ ಗುರುತಿಲ್ಲದವರು ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೈಗೆ ಬಂದಿತ್ತು. ಆ ತುತ್ತಿನ ಋಣ ತೀರಿಸಬೇಕೆಂದು ಅವಳಿಗೆ ಆರು ವರ್ಷದಿಂದ ಆಸೆ. ಈಗ ತೀರಿಸಲು ಹೊರಟರೆ, ಯಾರಿಗಾಗಿ ಎದೆ ಹೊಡೆದುಕೊಳ್ಳುತ್ತಿದ್ದಳೋ ಅವನೇ ಬೇಡ ಅನ್ನುತ್ತಾನೆ. ನಾನು ಬದುಕಿದ್ದೇನೆ, ಹೆದರಬೇಡ ಎಂದು ಒಂದು ಮಾತಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಸಿಟ್ಟಿನ ಕೆಳಗೆ, ಬದುಕಿದ್ದಾನಲ್ಲ ಎಂದು ಜೀವ ಕುಣಿಯುತ್ತಿತ್ತು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ರೊಟ್ಟಿ ತಟ್ಟುವುದು ಸುಲಭವಲ್ಲ.

ಮಧ್ಯಾಹ್ನ ಅವನ ಫೋನಿನಿಂದಲೇ ಒಂದು ವಾಯ್ಸ್ ಮೆಸೇಜ್ ಬಂತು. ಮೀನುಗಾರರ ಒಂದು ಸಣ್ಣ ಊರಿನಲ್ಲಿದ್ದಾನಂತೆ. ಗಾಳಿ ಬೀಸಿದ ದಿನ ಅಲ್ಲಿಯ ಒಬ್ಬ ಹೆಂಗಸು ಕೈಹಿಡಿದು ಸಮುದಾಯ ಭವನದೊಳಗೆ ಎಳೆದುಕೊಂಡಳಂತೆ, ಇಲ್ಲದಿದ್ದರೆ ಅವನು ಉಳಿಯುತ್ತಿರಲಿಲ್ಲವಂತೆ. ಲಾರಿಗೂ ಏನೂ ಆಗಿಲ್ಲ. ಮರುದಿನ ಅವನು ತನ್ನ ಬುತ್ತಿಯ ರೊಟ್ಟಿಯನ್ನು ಆ ಮನೆಯವರಿಗೆ ಹಂಚಿದ್ದ.

"ಏನ್ ಮಾಡಿದ್ರು ಗೊತ್ತೇನ್ರಿ? ಅದನ್ನ ತಾಟು ಅಂತ ತಿಳಕೊಂಡ್ರು. ಮ್ಯಾಲೆ ಅನ್ನ ಹಾಕ್ಕೊಂಡು ಉಂಡ್ರು. ಉಂಡಮ್ಯಾಲೆ ತೊಳದು ಬಿಸಲಿಗೆ ಒಣಗಾಕ ಇಟ್ರು."

ಆರೂ ಹೆಂಗಸರು ಬಿದ್ದು ಬಿದ್ದು ನಕ್ಕರು. ರಾಯವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಂಜನಾಳಿಗೂ ನಗು ತಡೆಯಲಾಗಲಿಲ್ಲ. ಮೆಸೇಜಿನ ಕೊನೆಗೆ ಅವನ ದನಿ ಸಣ್ಣದಾಗಿತ್ತು. ಅನ್ನ ಬರುತ್ತಿದೆ, ಆದರೆ ಒಂದು ಮನೆಗೂ ಸೂರಿಲ್ಲ, ಮಕ್ಕಳು ಮಳೆಯಲ್ಲೇ ಮಲಗಿವೆ ಎಂದ. ಬೇಕಾದದ್ದು ಸೂರಿಗೆ ಹೊದಿಸಲು ಪ್ಲಾಸ್ಟಿಕ್ ತಾಡಪತ್ರಿ ಮತ್ತು ಹಗ್ಗ.

ರಂಜನಾಳ ನಗು ನಿಂತಿತು. ಅವಳಿಗೆ ಶಾಲೆಯ ಆ ಕೋಣೆ ಮತ್ತೆ ನೆನಪಾಯಿತು. ರೊಟ್ಟಿಯ ಜೊತೆ ಒಂದು ಟ್ರ್ಯಾಕ್ಟರ್ ತುಂಬ ಜರಿ ಸೀರೆ, ಉಣ್ಣೆ ಸ್ವೆಟರ್ ಬಂದಿದ್ದವು. ಅವಳಿಗೆ ಬೇಕಾಗಿದ್ದದ್ದು ಒಂದು ಜೊತೆ ಒಣಗಿದ ಒಳಬಟ್ಟೆ. ನಾಲ್ಕು ದಿನ ಯಾರೂ ಕೇಳಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಈಗ ತಾನೂ ಅದನ್ನೇ ಮಾಡಿದೆ, ಕೇಳದೆ ಹನ್ನೊಂದು ಸಾವಿರ ರೊಟ್ಟಿ ಪೇರಿಸಿದೆ ಎಂದು ಅವಳಿಗೆ ನಾಚಿಕೆಯಾಯಿತು.

ಅವಳೇ ಫೋನ್ ಹಚ್ಚಿದಳು. ಎಂಟನೆಯ ಸಲಕ್ಕೆ ಹತ್ತಿತು. ಅವನು ಏನೋ ಶುರುಮಾಡುವಷ್ಟರಲ್ಲಿ ತಡೆದು, ಆ ಅಕ್ಕನಿಗೆ ಫೋನ್ ಕೊಡಿ ಅಂದಳು. ಅಕ್ಕನಿಗೆ ಕನ್ನಡ ಬಾರದು, ಇವಳಿಗೆ ತೆಲುಗು ಬಾರದು. ನಡುವೆ ಕಲ್ಮೇಶನೇ ಹೇಳಬೇಕು. ಹೆಂಗಸರಿಗೆ ಏನೇನು ಬೇಕು ಕೇಳಿ ಎಂದಾಗ ಅವನು ಕೇಳಿದ. ಉತ್ತರ ಬಂತು, ಅವನು ಮಾತ್ರ ಅದನ್ನು ಕನ್ನಡಕ್ಕೆ ತರಲು ತಡವರಿಸಿದ.

"ಹೇಳ್ರಿ," ಎಂದಳು ರಂಜನಾ.

"ಅದು... ಹೆಂಗ ಹೇಳ್ಲಿ ನಿಮಗ."

"ಗೊತ್ತಾತು ಬಿಡ್ರಿ. ಎಷ್ಟು ಮಂದಿ ಅದಾರ, ಅಷ್ಟ ಹೇಳ್ರಿ ಸಾಕು."

ನೂರಾ ಆರು ಎಂದ. ಅವನ ಕಿವಿ ಈಗ ಕೆಂಪಾಗಿರುತ್ತವೆ ಎಂದುಕೊಂಡು ರಂಜನಾ ಮೂರು ದಿನದಲ್ಲಿ ಮೊದಲ ಸಲ ಸಮಾಧಾನವಾಗಿ ಉಸಿರು ಬಿಟ್ಟಳು. ಸೊಳ್ಳೆ ಪರದೆ, ಮುಚ್ಚಳವಿರುವ ಕೊಡ, ಮರ ಕೊಯ್ಯುವ ಗರಗಸ ಎಂದು ಅವನು ಇನ್ನೂ ಮೂರು ಹೆಸರು ಹೇಳುವಷ್ಟರಲ್ಲಿ ಲೈನು ಹೋಯಿತು.

ಸಂಜೆ ಅವನ ಅಣ್ಣ ಕಾಡಪ್ಪ ಕೇಂದ್ರದ ಬಾಗಿಲಿಗೆ ಬಂದು ನಿಂತ. ಮುಖ ಬಾಡಿತ್ತು. ತಮ್ಮನ ಸುದ್ದಿ ಏನಾದರೂ ಬಂತೇನವ್ವ ಎಂದು ಕೇಳಿದ. ರಂಜನಾ ಎಲ್ಲ ಹೇಳಿ ಮೆಸೇಜು ಕೇಳಿಸಿದಳು. ಅವನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕಣ್ಣು ಮುಚ್ಚಿದ. ಮನೆಗೆ ಇನ್ನೂ ಫೋನೇ ಬಂದಿಲ್ಲ ಎಂದು ಕೇಳಿ ಅವಳಿಗೆ ಅಚ್ಚರಿಯಾಯಿತು. ಕಾರಣ ಮಾತ್ರ ತಿಳಿಯಲಿಲ್ಲ.

ತಾಡಪತ್ರಿ ಕೇಳುವುದು ರೊಟ್ಟಿ ಕೇಳಿದಷ್ಟು ಸುಲಭವಲ್ಲ. ಸುಗ್ಗಿಯ ಕಾಲ, ಕಣದಲ್ಲಿ, ಅಂಗಳದಲ್ಲಿ ಸೋಯಾ, ಗೋವಿನಜೋಳದ ರಾಶಿ ಬಿದ್ದಿತ್ತು. ಚಂಡಮಾರುತದ ಬಾಲ ಇಲ್ಲಿಯ ಆಕಾಶಕ್ಕೂ ಮೋಡ ತಂದಿತ್ತು. ಹೂಲಿಯ ರೈತ ವೀರಪ್ಪ ರಂಜನಾಳನ್ನೂ ಆ ಆರು ಹೆಂಗಸರನ್ನೂ ನೋಡಿದವನೇ ಸಿಡುಕಿದ. ರೊಟ್ಟಿ ಕೇಳಿದಿರಿ, ಕೊಟ್ಟೆವು, ಈಗ ರಾಶಿಯ ಮೇಲಿನ ಹೊದಿಕೆಯನ್ನೇ ಕೊಟ್ಟರೆ ನಮ್ಮ ವರ್ಷದ ದುಡಿಮೆ ನೆನೆಯಬೇಕೇ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ರಂಜನಾ ಅವನ ಪಕ್ಕದ ಕಣ ನೋಡಿದಳು. ಅಲ್ಲಿ ಸಂಗಪ್ಪನ ರಾಶಿ, ಅದರ ಮೇಲೂ ಅಷ್ಟೇ ದೊಡ್ಡ ತಾಡಪತ್ರಿ, ಅರ್ಧ ಮಡಚಿ ಹೊದಿಸಿದ್ದು.

"ಕಾಕಾರ, ಎರಡೂ ರಾಶಿ ಒಂದ ಕಡೆ ಸರಸಿದ್ರ ಒಂದ ತಾಡಪತ್ರಿ ಸಾಲತೈತಿ. ನಾವ ಏಳು ಮಂದಿ ಬಂದೇವಿ, ನಾವ ಸರಸತೇವಿ," ಎಂದಳು.

ವೀರಪ್ಪನಿಗೂ ಸಂಗಪ್ಪನಿಗೂ ಬದುವಿನ ಜಗಳದಿಂದ ನಾಲ್ಕು ವರ್ಷ ಮಾತಿಲ್ಲ ಎಂದು ಅವಳಿಗೆ ಹೇಗೆ ಗೊತ್ತಿರಬೇಕು? ಕಣದಲ್ಲಿ ಎಲ್ಲರೂ ಕಲ್ಲಿನಂತೆ ನಿಂತರು. ಆಗ ವೀರಪ್ಪನ ಹೆಂಡತಿ ಯಲ್ಲವ್ವ ಒಳಗಿನಿಂದ ಬಂದು, ಗಂಡನ ಕಡೆ ಕಣ್ಣೆತ್ತಿಯೂ ನೋಡದೆ, ತಾಡಪತ್ರಿಯ ಒಂದು ಮೂಲೆ ಹಿಡಿದು ಎಳೆದಳು. ಸಂಗಪ್ಪ ಬುಟ್ಟಿ ತಂದ. ಮಾತಾಡದೆಯೇ ಎರಡೂ ಮನೆಯವರು ರಾಶಿ ಸರಿಸಿದರು, ಬೆರೆಯದ ಹಾಗೆ ನಡುವೆ ಗೋಣಿಚೀಲ ಅಡ್ಡ ಇಟ್ಟರು. ಸುದ್ದಿ ಊರಿಂದೂರಿಗೆ ಓಡಿತು. ಎರಡು ಮನೆಗೊಂದು ರಾಶಿ ಎಂದು ಮಂದಿ ತಾವಾಗಿಯೇ ಜೋಡಿ ಹಿಡಿದರು. ಮೂರು ದಿನದಲ್ಲಿ ಮುನ್ನೂರ ಹನ್ನೆರಡು ತಾಡಪತ್ರಿ ಬಂದವು, ಕೆಲವು ತೇಪೆ ಹಾಕಿದವು, ಕೆಲವು ಇನ್ನೂ ಅಂಗಡಿಯ ವಾಸನೆಯವು.

ಕೊಟ್ಟ ರೊಟ್ಟಿ ವಾಪಸ್ ತಗೊಳ್ಳಲು ಯಾರೂ ಒಪ್ಪಲಿಲ್ಲ. ಎರಡು ಚೀಲ ಹೋಗುವವರ ಬುತ್ತಿಗೆ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಯಲ್ಲಮ್ಮನ ಗುಡ್ಡಕ್ಕೆ ನಡೆದು ಬರುವವರಿಗೆ ಹಂಚಲಿ ಎಂದು ಗುಡ್ಡದ ಹತ್ತಿರದ ಉಗರಗೋಳಕ್ಕೆ ಕಳಿಸಿದರು. ಅವರಿಗಾದರೂ ರೊಟ್ಟಿ ತಿನ್ನುವುದು ಗೊತ್ತಿತ್ತು.

ಲಾರಿ ಹೊರಡುವ ಬೆಳಿಗ್ಗೆ ರಂಜನಾ ಚೀಲ ಹೆಗಲಿಗೆ ಹಾಕಿಕೊಂಡಳು. ಆ ನೂರಾ ಆರು ಮಂದಿಗೆಂದು ಕೂಡಿಸಿದ ಹೆಂಗಸರ ಸಾಮಾನನ್ನು ಹೆಂಗಸರೇ ಹಂಚಬೇಕು ಎಂಬುದು ಅವಳ ವಾದ, ರಾಯವ್ವನೂ ಜೊತೆಗೆ ಹೊರಟಿದ್ದಳು. ಅವ್ವ ಬಾಗಿಲಲ್ಲಿ ಅಡ್ಡ ನಿಂತು ಒಂದೇ ಮಾತು ಕೇಳಿದಳು.

"ಅಲ್ಲಿ ನಿನಗ ಯಾರದಾರ?"

ಕೆಮ್ಮಲು ಈ ಸಲ ರಾಯವ್ವ ಅಲ್ಲಿರಲಿಲ್ಲ, ಆಗಲೇ ಲಾರಿ ಹತ್ತಿ ಕುಳಿತಿದ್ದಳು. ಇದ್ದರೂ ರಂಜನಾ ನಿಲ್ಲಿಸುತ್ತಿರಲಿಲ್ಲ. ಅವಳು ಅವ್ವನ ಕೈಹಿಡಿದು ಒಳಗೆ ಕರೆದೊಯ್ದು ಎಲ್ಲ ಹೇಳಿದಳು. ಹೊರಗೆ ಬಾಳೇಶ ಲಾರಿಯ ಹಾರ್ನ್ ಮೂರು ಸಲ ಹೊಡೆಯಬೇಕಾಯಿತು.

ಮರುದಿನ ಮಧ್ಯಾಹ್ನ ಅವರು ಆ ಊರು ಮುಟ್ಟಿದರು. ಊರೆನ್ನಲು ಅಲ್ಲಿ ಗೋಡೆಗಳಷ್ಟೇ ಇದ್ದವು. ದಾರಿಯ ತುಂಬ ಮರ, ಹರಿದ ಬಲೆ, ಉಪ್ಪಿನ ವಾಸನೆ. ಲಾರಿಯ ಹಿಂದಿನ ಬಾಗಿಲು ತೆಗೆದಾಗ ತಾಡಪತ್ರಿಗಳ ನೀಲಿ ನೋಡಿ ಒಬ್ಬ ಮುದುಕ ಕೈಮುಗಿದ. ಕಲ್ಮೇಶನ ಜೀವ ಉಳಿಸಿದ ಅಕ್ಕ ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಹೇಗೆ ಹಿಡಿದಳೋ. ನಗುತ್ತ ಬೆರಳೆತ್ತಿ ಒಂದು ಗೋಡೆಯ ಮೇಲೆ ತೋರಿಸಿದಳು.

ಅವನು ಅಲ್ಲಿ ಬಿದಿರು ಕಟ್ಟುತ್ತಿದ್ದ. ಬಿಸಿಲಿಗೆ ಕರ್ರಗಾಗಿದ್ದ, ಗಡ್ಡ ಬಿಟ್ಟಿದ್ದ, ಅಂಗೈಗೆ ಬಟ್ಟೆ ಸುತ್ತಿದ್ದ. ಇವಳನ್ನು ಕಂಡು ಇಳಿಯಬೇಕೋ ಹಾರಬೇಕೋ ತಿಳಿಯದೆ ಅರ್ಧ ಇಳಿದು ಅಲ್ಲೇ ನಿಂತ.

"ನೀವಽ ಬಂದ್ರಿ?"

ರಂಜನಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ. ಬಂದದ್ದು ಸಿಟ್ಟು.

"ಮೂರು ದಿನ ನಾನು ಸತ್ತು ಹುಟ್ಟೇನಿ. ಬದುಕೇನಿ ಅಂತ ಒಂದು ಮಾತು ಹೇಳಾಕ ಏನಾಗಿತ್ತು ನಿಮಗ? ರೊಟ್ಟಿ ಬ್ಯಾಡ ಅಂತ, ರೊಟ್ಟಿ."

ಅವನು ಪೂರ್ತಿ ಇಳಿದು ಬಂದು ಎದುರು ನಿಂತ. ಆ ದಿನ ಮೊಬೈಲ್ ಟವರು ಹೊತ್ತ ಒಂದು ವ್ಯಾನು ಬಂದಿತ್ತು ಎಂದ. ಊರಿಗೆಲ್ಲ ಒಂದೇ ಫೋನು, ಉದ್ದ ಪಾಳಿ, ತಲೆಗೊಂದು ಕಾಲ್, ಅದೂ ಒಂದು ನಿಮಿಷ. ಮಧ್ಯಾಹ್ನ ಅವನ ಫೋನಿಗೆ ಸಿಕ್ಕ ತುಸು ಚಾರ್ಜು ಅವಳಿಗೆ ಕಳಿಸಿದ ಮೆಸೇಜಿಗೆ, ಅವಳ ಕರೆಗೆ ಮುಗಿದುಹೋಗಿತ್ತು.

"ನನ್ನ ಸುದ್ದಿ ಹೇಳಕೋತ ನಿಂತ್ರ ಇವರ ಸುದ್ದಿ ಉಳೀತಿತ್ತು. ನನ್ನ ದನಿ ಕೇಳಿದ್ರ ನಿಮಗ ತಿಳೀತೈತಿ ಅಂದ್ಕೊಂಡ್ನಿ."

ರಂಜನಾಳಿಗೆ ಕಾಡಪ್ಪನ ಬಾಡಿದ ಮುಖ ಕಣ್ಣಿಗೆ ಬಂತು.

"ಒಂದಽ ಕಾಲು," ಎಂದಳು ಮೆಲ್ಲಗೆ. "ಅಣ್ಣಗ ಮಾಡ್ಲಿಲ್ಲ ನೀವು."

"ಇಲ್ಲ," ಎಂದ ಅವನು. ಅವಳನ್ನೇ ನೋಡಿದ. ಈ ಸಲ ನಡುವೆ ಮರೆಗೆ ಏನೂ ಇರಲಿಲ್ಲ. ರಂಜನಾಳೂ ತಲೆ ತಗ್ಗಿಸಲಿಲ್ಲ. ಅವಳ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲೂ ಇಲ್ಲ. ಆ ಊರಿನ ನಾಲ್ಕು ಹೆಂಗಸರು, ರಾಯವ್ವ, ಬಾಳೇಶ ಎಲ್ಲರೂ ನೋಡುತ್ತಿದ್ದರು. ನೋಡಲಿ.

"ನಮ್ಮವ್ವನ ಮುಂದ ಮಾತಾಡತೇನಿ ಅಂದಿದ್ರಿ. ಈಗ ಅದು ಬ್ಯಾಡ್ರಿ."

ಅವನ ಮುಖ ಇಳಿಯಿತು. ಅವಳು ಅದನ್ನು ಒಂದು ಕ್ಷಣ ನೋಡಿದಳು, ಮೂರು ದಿನದ ಸೇಡಿಗೆ ಅಷ್ಟಾದರೂ ಬೇಡವೇ?

"ನಾನಽ ಮಾತಾಡಿ ಬಂದೇನಿ," ಎಂದಳು.

ಕಲ್ಮೇಶ ಒಂದು ಹೆಜ್ಜೆ ಮುಂದೆ ಬಂದ. "ಅವ್ವಾರು ಏನಂದ್ರು?"

"ಒಬ್ಬಾಕಿನಽ ತಿರುಗಿ ಬರಬ್ಯಾಡ ಅಂದ್ಳು."