ಮಂಗಳವಾರದ ಟಿಕೆಟ್

ಪುಷ್ಯ ಮಾಸದ ಚಳಿ. ಹೊತ್ತು ಮೂಡಿ ಮಾರುದ್ದ ಏರಿತ್ತು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಮಂಜಿನಲ್ಲಿ ಇನ್ನೂ ಅರ್ಧ ಮರೆಯಾಗಿದ್ದವು. ಕಳಕೇಶ ಚಹಾ ಕುಡಿದು ಬರುವಷ್ಟರಲ್ಲಿ ಅವನ ಮಗ್ಗ ಬರಿದಾಗಿತ್ತು.

ಕತ್ತರಿ ಹಿಡಿದು ನಿಂತಿದ್ದವಳು ಅನ್ನಪೂರ್ಣಾ, ರಾಜೂರಿನ ಹುಡುಗಿ. ನೇಯ್ಗೆ ಕಲಿಯಲು ಬಂದು ಅಂದಿಗೆ ಮೂರನೆಯ ದಿನ. ಸೀರೆ ಮುಗಿದಿತ್ತು, ಮಗ್ಗದಲ್ಲಿ ಗೇಣುದ್ದ ಎಳೆಗಳು ಉಳಿದಿದ್ದವು. ಕಸವೆಂದು ತಿಳಿದು ಅಷ್ಟನ್ನೂ ಕತ್ತರಿಸಿ, ಎಳೆದು, ಬುಟ್ಟಿಗೆ ಹಾಕಿದ್ದಳು.

"ಸ್ವಚ್ಛ ಮಾಡೀನ್ರಿ," ಅಂದಳು ಹೆಮ್ಮೆಯಿಂದ.

ಕಳಕೇಶನ ತಾಯಿ ಅಡಿವೆವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನನ್ನವ್ವ! ಮುತ್ಯಾನ ಕಾಲದಿಂದ ಈ ಮಗ್ಗ ಒಂದ ದಿನಾ ಬರಿದಾಗಿದ್ದಿಲ್ಲಲೇ!"

ನೇಕಾರರು ಆ ಗೇಣುದ್ದವನ್ನು ಬೇಕೆಂದೇ ಉಳಿಸುತ್ತಾರೆ. ಅದರ ತುದಿಗೆ ಹೊಸ ಹಾಸಿನ, ಅಂದರೆ ಮುಂದಿನ ಸೀರೆಯ ಉದ್ದನೆಯ ಎಳೆಗಳನ್ನು ಬೂದಿ ಹಚ್ಚಿ ಹೊಸೆದರೆ ಸಾಕು, ಹಳೆಯದು ಹೊಸದರ ಕೈಹಿಡಿದು ಮಗ್ಗದೊಳಗೆ ಕರೆದುಕೊಂಡು ಹೋಗುತ್ತದೆ. ಅದಿಲ್ಲದಿದ್ದರೆ ಬಾಚಣಿಕೆಯಂಥ ಹಣಿಗೆಯ ಒಂದೊಂದು ಸಂದಿಗೂ ಎಳೆ ಪೋಣಿಸಬೇಕು. ಮೂರು ಸಾವಿರಕ್ಕೂ ಮೇಲೆ. ಒಬ್ಬರಿಂದ ಆಗುವ ಕೆಲಸವಲ್ಲ. ಆಚೆ ಕೂತವರು ಎಳೆ ಕೊಡಬೇಕು, ಈಚೆ ಕೂತವರು ಕೊಕ್ಕೆಯಿಂದ ಎಳೆದುಕೊಳ್ಳಬೇಕು.

ಇದನ್ನೆಲ್ಲ ಕೇಳಿ ಅನ್ನಪೂರ್ಣಾಳ ಕಣ್ಣಲ್ಲಿ ನೀರು ಬಂತು. ಕಳಕೇಶ ಸಿಟ್ಟಾಗಲಿಲ್ಲ. "ಕುಂದರ್ರಿ ಆಕಡೆ," ಅಂದ.

ನಾಲ್ಕು ದಿನ ಇಬ್ಬರೂ ಎದುರುಬದುರು ಕೂತರು. ಹಣಿಗೆಯ ಸಂದಿಗಳಿಂದ ಅವಳ ಮುಖ ಎಳೆಎಳೆಯಾಗಿ ಕಾಣುತ್ತಿತ್ತು. ಒಂದು ಸಂದಿಯಲ್ಲಿ ಮೂಗುಬೊಟ್ಟು, ಇನ್ನೊಂದರಲ್ಲಿ ತಡೆದಿಟ್ಟುಕೊಂಡ ನಗು.

"ಎಳಿ ಹಿಡೀರಿ. ನನ್ನ ನೋಡಿದ್ರ ಸೀರಿ ಆಗಂಗಿಲ್ಲ," ಅಂದಳು.

"ನಾ ಹಣಿಗಿ ನೋಡಾಕತ್ತೀನ್ರಿ."

"ಹಣಿಗಿ ನಾಚಿಕೊಳ್ಳಾಕತ್ತೈತಿ ನೋಡ್ರಿ ಹಂಗಾರ."

ಎರಡನೆಯ ದಿನ ಅವನು ಕೇಳಿದ. "ಡಿಗ್ರಿ ಓದಿದವ್ರು ನೀವು. ಈ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತು ಕಲಿಯೂದ್ಯಾಕ?"

"ನಾರ್ವೆ ಅಂತ ಒಂದು ದೇಶ ಐತ್ರಿ. ಅದರ ಉತ್ತರದ ತುದಿಯಾಗ ವಯಸ್ಸಾದವ್ರು ಉಣ್ಣಿ ನೇಯೂ ಒಂದು ಕೇಂದ್ರ. ಅಲ್ಲಿ ವರ್ಷದ ಮಟ್ಟಿಗೆ ಸ್ವಯಂಸೇವಕಿ ಆಗಾಕ ನನ್ನ ಆರಿಸ್ಯಾರ. ವಿಮಾನ, ಊಟ, ವಸತಿ ಎಲ್ಲಾ ಕಳಿಸೂ ಸಂಸ್ಥಾದವರದ್ದ. ಅವ್ರದ್ದು ನಾ ಕಲೀಬೇಕು, ನಮ್ಮದು ಅವ್ರಿಗೆ ಕಲಿಸಬೇಕು."

"ನೇಯಾಕ ಬರತೈತಿ ಅಂತ ಸುಳ್ಳ ಬರದ್ರೇನು?"

"ಇಲ್ರೀಪಾ! ನಮ್ಮಜ್ಜಿ ನೇಯತಿದ್ಲು ಅಂತ ಬರದೆ. ಬರೂದ್ರಾಗ ಕಲ್ತು ಬರ್ರಿ ಅಂದ್ರು." ಒಂದು ಎಳೆ ಕೊಟ್ಟು ದನಿ ತಗ್ಗಿಸಿದಳು. "ಅಲ್ಲಿ ಬ್ಯಾಸಿಗಿಯಾಗ ಎರಡು ತಿಂಗಳು ಹೊತ್ತ ಮುಣಗಂಗಿಲ್ಲಂತ್ರಿ."

ಕಳಕೇಶನ ಕೊಕ್ಕೆ ಗಾಳಿಯಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವನು ಸೂರ್ಯನನ್ನು ಒಂದೇ ಕಿಟಕಿಯಿಂದ ಕಂಡವನು. ಗುಡ್ಡದ ಈ ಬದಿ ಮೂಡುತ್ತಿದ್ದ, ಆ ಬದಿ ಇಳಿಯುತ್ತಿದ್ದ. ಅದೇ ಸೂರ್ಯ ಎಲ್ಲೋ ಒಂದು ಕಡೆ ಇಳಿಯುವುದನ್ನೇ ಮರೆತು ಸಮುದ್ರದ ಅಂಚಿನಲ್ಲಿ ಸುಮ್ಮನೆ ತಿರುಗುತ್ತಾನೆಂದರೆ! ಆ ಬಿಸಿಲಲ್ಲಿ ಈ ಮೂಗುಬೊಟ್ಟು ಮಿಂಚುತ್ತದೆಂದರೆ!

ಅಡಿವೆವ್ವ ಒಳಗಿಂದಲೇ ಕೇಳಿದಳು. "ಹೊತ್ತ ಮುಣಗದಿದ್ರ ದೀಪಾ ಯಾವಾಗ ಹಚ್ಚತೀಯವ್ವಾ?"

ಅನ್ನಪೂರ್ಣಾ ನಕ್ಕು ಮುಂದಿನ ಎಳೆ ಕೊಟ್ಟಳು.

ಫಾಲ್ಗುಣ ಮುಗಿಯುವ ಹೊತ್ತಿಗೆ ಅನ್ನಪೂರ್ಣಾ ತಾನೇ ಸೀರೆ ನೇಯುತ್ತ ಸೆರಗಿನವರೆಗೂ ಬಂದಿದ್ದಳು. ಲಾಳಿಯ ಸದ್ದು ಕೇಳಿಯೇ ಇಂದು ಅವಳ ಮನಸ್ಸು ಹೇಗಿದೆಯೆಂದು ಕಳಕೇಶನಿಗೆ ತಿಳಿಯುತ್ತಿತ್ತು. ತನ್ನ ಮನಸ್ಸನ್ನು ಮಾತ್ರ ಅವನು ಹೇಳಲಿಲ್ಲ. ಅಷ್ಟು ದೂರ ಹೊರಟವಳ ಕಾಲಿಗೆ ದಾರ ಕಟ್ಟಬಾರದೆಂದು ಸುಮ್ಮನಿದ್ದ.

ಯುಗಾದಿ ಮುಗಿದ ಶನಿವಾರ ಅವಳು ಬಂದು ಮಗ್ಗದ ಕಟ್ಟೆಯ ಮೇಲೆ ಕುಸಿದು ಕೂತಳು.

"ಟಿಕೆಟ್ ಬಂತ್ರಿ. ಮಂಗಳವಾರದ್ದು. ಮಂಗಳವಾರ ಮಗಳನ್ನ ಹೊಸ್ತಲಾ ದಾಟಸಂಗಿಲ್ಲ ಅಂತ ನಮ್ಮವ್ವ ಕದಕ್ಕ ಅಡ್ಡ ಕುಂತಾಳ. ತಾರೀಖ ಬದಲಿ ಆಗಂಗಿಲ್ಲಂತ. ಹೋಗದಿದ್ರ ನನ್ನ ಜಾಗಾ ಮತ್ತೊಬ್ರಿಗೆ."

ಕಳಕೇಶ ಲಾಳಿ ಕೆಳಗಿಟ್ಟ. ಸುಮ್ಮನಿದ್ದರೆ ಸಾಕಿತ್ತು. ತಾನೇನೂ ಮಾಡಬೇಕಾಗಿರಲಿಲ್ಲ, ಮಂಗಳವಾರವೇ ಅವಳನ್ನು ಇಲ್ಲಿ ಉಳಿಸುತ್ತಿತ್ತು. ದಿನವೂ ಬೆಳಿಗ್ಗೆ ಈ ಕಟ್ಟೆಯ ಮೇಲೆ ಅವಳು ಹೀಗೇ ಬಂದು ಕೂರುತ್ತಿದ್ದಳು. ಅವನ ಎದೆ ಆ ಆಸೆಗೆ ಒಮ್ಮೆ ತುಂಬಿ ಬಂತು. ಆಮೇಲೆ ಆ ಮುಳುಗದ ಸೂರ್ಯ ನೆನಪಾದ.

"ಯವ್ವಾ," ಅಂದ ತಾಯಿಗೆ, "ನಾಳಿ ರಾಜೂರಿಗೆ ಹೋಗೂಣ ನಡಿ."

ಭಾನುವಾರ ಅನ್ನಪೂರ್ಣಾಳ ತಾಯಿ ದೇವವ್ವನ ಪಡಸಾಲೆಯಲ್ಲಿ ಕೂತು ಅವನೇ ಮಾತು ತೆಗೆದ. "ಸೋಮವಾರ ಚಲೋ ವಾರ ಐತ್ರಿ. ಅವತ್ತ ನಮ್ಮ ಮನಿಗೆ ಕಳಸ್ರಿ. ನಮ್ಮವ್ವನ ಹತ್ರ ಇರ್ತಾಳ. ಮಂಗಳವಾರ ನಮ್ಮಲ್ಲಿಂದ ಹೊಂಟ್ರ, ನೀವು ಕಳಿಸಿದಂಗ ಆಗಂಗಿಲ್ಲ."

ದೇವವ್ವ ಎಲೆಗೆ ಸುಣ್ಣ ಹಚ್ಚುತ್ತ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮಾತು ಖರೇ ಐತಿ. ಆದ್ರ ನಿಮ್ಮ ಮನಿಗೆ ನನ್ನ ಮಗಳು ಯಾವ ಲೆಕ್ಕದಾಗ ಬರಬೇಕಪಾ?"

ಕಳಕೇಶನ ಕಿವಿ ಕೆಂಪಾಯಿತು.

"ಕಲಿಯಾಕ ಬಂದಾಕಿ ಲೆಕ್ಕದಾಗ್ರಿ," ಅಂದ. "ನನ್ನ ಮನಸಿನ್ಯಾಗ ಬ್ಯಾರೆ ಐತಿ, ಸುಳ್ಳ ಹೇಳಂಗಿಲ್ಲ. ಅದನ್ನ ಈಗ ಆಕಿ ಹೊರಬಾರ್ದು. ವರ್ಷ ಕಳದು ಬಂದ ಮ್ಯಾಲೆ ಬೇಕಾದ್ರ ಕೇಳಲಿ."

"ನನ್ನ ಲೆಕ್ಕಾ ನನ್ನ ಕೇಳೂರು ಯಾರೂ ಇಲ್ಲೇನು ಇಲ್ಲಿ?"

ಅಡುಗೆಮನೆಯ ಬಾಗಿಲಲ್ಲಿ ಅನ್ನಪೂರ್ಣಾ ನಿಂತಿದ್ದಳು, ಕೈಯೆಲ್ಲ ರೊಟ್ಟಿಹಿಟ್ಟು. "ಯವ್ವಾ, ಸೊಸಿ ಆಗಾಕಿ ಲೆಕ್ಕದಾಗ ಹೋಗ್ತೀನಿ. ಸೊಸಿ ಆಗೂದು ಒಂದು ವರ್ಷ ತಡಾ ಆಕ್ಕೈತಿ, ಅಷ್ಟ."

ಅಡಿವೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದೇವವ್ವ ಮಡಿಸಿದ ಎಲೆಯನ್ನು ತಾನು ಹಾಕಿಕೊಳ್ಳದೆ ಅಡಿವೆವ್ವನ ಕೈಗೆ ಕೊಟ್ಟಳು.

ಸೋಮವಾರ ಸಂಜೆ ಬ್ಯಾಗು ಹೊತ್ತು ಬಂದವಳೇ ಅನ್ನಪೂರ್ಣಾ ಮಗ್ಗಕ್ಕಿಳಿದು ಸೆರಗು ಮುಗಿಸಿದಳು. ಕತ್ತರಿ ಎತ್ತಿ ಕಳಕೇಶನ ಮುಖ ನೋಡಿದಳು.

"ಅಂಜಬ್ಯಾಡ್ರಿ. ಈ ಸಲ ಗೇಣುದ್ದ ಬಿಡ್ತೀನಿ."

"ಎರಡು ಗೇಣು ಬಿಡ್ರಿ," ಅಂದ ಅವನು. "ಭಾಳ ದೂರ ಹೊಂಟೀರಿ."

ಬೆಳಿಗ್ಗೆ ಅಡಿವೆವ್ವ ಅವಳ ಹಣೆಗೆ ಕುಂಕುಮ ಹಚ್ಚಿ, ಅಂಗೈಯಲ್ಲಿ ಒಂದು ಪುಟ್ಟ ಹಿತ್ತಾಳೆ ದೀಪವಿಟ್ಟಳು. "ಹೊತ್ತ ಮುಣಗದಿದ್ರೂ ಹಚ್ಚು. ಇಲ್ಲಿ ಮುಣಗಿರ್ತೈತಲ್ಲ."

ಹುಬ್ಬಳ್ಳಿ ಬಸ್ಸಿನ ಕಿಟಕಿಯಲ್ಲಿ ಆ ಮೂಗುಬೊಟ್ಟು ಒಮ್ಮೆ ಮಿಂಚಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಳಕೇಶ ಮನೆಗೆ ಬಂದು, ಅವಳು ಬಿಟ್ಟುಹೋದ ಎಳೆಗಳ ಮುಂದೆ ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡ.

ಅನ್ನಪೂರ್ಣಾ ಹೋದಳು. ಅಂದು ಮಂಗಳವಾರ.